ಗೋಡೆಯ ಮೇಲಿನ ಏಳನೆಯ ಸಾಲು

ಆಗಲಿಕ್ಕಿಲ್ಲ ಎಂದವರು ನನ್ನ ಸೋದರಮಾವ ಜಯಂತ. ಎರಡು ಸಂಗತಿಗಳ ಬಗ್ಗೆ ಒಂದೇ ಉಸಿರಿನಲ್ಲಿ ಹಾಗೆಂದರು. ನಮ್ಮ ಮನೆಯಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಅಪ್ಪ ಮಾಡಿಕೊಟ್ಟ, ಸಕ್ಕರೆ ಜಾಸ್ತಿಯಾದ ಚಹಾವನ್ನು ಮುಖ ಸಿಂಡರಿಸಿಕೊಂಡು ಕುಡಿಯುತ್ತಾ ಹೇಳಿದ ಮಾತು. ಚಹಾ ಮಾಡಬೇಕಾಗಿದ್ದ ಅಮ್ಮ ಬಲಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಒಳಗೆ ಮಂಚದ ಮೇಲೆ ಮಲಗಿದ್ದಳು. ಆಗ ನನಗೆ ಹನ್ನೆರಡು ವರ್ಷ.

“ಈ ಗಾಡಿ ನಿಲ್ಲಿಸಿದಲ್ಲಿ ನಿಲ್ಲುವ ಗಾಡಿ ಅಲ್ಲ ಭಾವ. ಮತ್ತೆ ಈ ಹುಡುಗಿಗೆ ಇಂಜಿನಿಯರಿಂಗ್, ಡಿಗ್ರಿ ಅಂತ ಆಸೆ ಹುಟ್ಟಿಸ್ಬೇಡಿ. ನಮ್ಮ ಕುಟುಂಬದಲ್ಲಿ ಅದೆಲ್ಲ ಆಗ್ಲಿಕ್ಕಿಲ್ಲ.”

ನಮ್ಮ ಕುಟುಂಬದಲ್ಲಿ ಅತಿ ಹೆಚ್ಚು ಓದಿದವರು ಮಾವನೇ. ಅವರು ಪಿಯುಸಿ ಫೇಲು. ಅಬ್ಕೈಕ್‌ನ ಎಣ್ಣೆ ಸ್ಥಾವರದಲ್ಲಿ ಪೈಪ್ ಫಿಟ್ಟರುಗಳ ಫೋರ್‌ಮನ್ ಆಗಿದ್ದರು. ಅಪ್ಪನಿಗೆ ಈ ಅರಬ್ ದೇಶಕ್ಕೆ ವೀಸಾ ತೆಗೆಸಿಕೊಟ್ಟದ್ದೂ ಅವರೇ, ವೀಸಾಕ್ಕೆ ಹೊಣೆ ನಿಂತು ಕೆಲಸ ಕೊಡುವ ಮಾಲೀಕನನ್ನು, ಅಂದರೆ ಕಫೀಲನನ್ನು, ಹುಡುಕಿಕೊಟ್ಟದ್ದೂ ಅವರೇ. ಅದೆಲ್ಲ ಇರದಿದ್ದರೂ ನಮ್ಮ ಕಡೆ ಮನೆತನ ನಡೆಯುವುದು ತಾಯಿಯ ಕಡೆಯಿಂದ. ಸೋದರಮಾವ ಒಂದು ಮಾತು ಆಡಿದರೆ ಅದರ ಮೇಲೆ ಮಾತಿಲ್ಲ. ಅಪ್ಪ ಅವರ ಎದುರು ಎಂದೂ ಕಾಲು ಮೇಲೆ ಕಾಲು ಹಾಕಿ ಕೂತವರಲ್ಲ. ಆ ದಿನವಂತೂ ಕೂತೇ ಇರಲಿಲ್ಲ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು.

ನಮ್ಮ ಮನೆ ಹೊಫೂಫ್ ಪೇಟೆಯಿಂದ ಸ್ವಲ್ಪ ಹೊರಗೆ, ಅಪ್ಪನ ಕಫೀಲ್ ಅಬು ನಾಸಿರ್ ಅವರ ಖರ್ಜೂರದ ತೋಟದೊಳಗೆ ಇತ್ತು. ಮನೆ ಎಂದರೆ ಎರಡು ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡುಗೆಮನೆ, ಸುತ್ತ ಎತ್ತರದ ಗೋಡೆಯಿದ್ದ ಅಂಗಳ. ಅಂಗಳದ ಅರ್ಧಕ್ಕೆ ತಗಡು ಹೊದೆಸಿತ್ತು. ಆ ತಗಡಿನ ಅಡಿಯಲ್ಲಿ ಕಾರು ಇತ್ತು. ಮಳೆಯೇ ಬಾರದ ಊರಿನಲ್ಲಿ ಅಮ್ಮ ಬಟ್ಟೆ ಒಣಗಿಸುವ ಹಗ್ಗ ಕಾರಿನ ಮೇಲಿಂದಲೇ ಹಾದುಹೋಗಿ, ಒದ್ದೆ ಲಂಗದ ನೀರು ಸ್ಟೀರಿಂಗಿನ ಮೇಲೆ ತೊಟ್ಟಿಕ್ಕುತ್ತಿತ್ತು. ನಾವು ಊಟ ಮಾಡುತ್ತಿದ್ದುದು ಆ ಕಾರು ಬಂದಿದ್ದ ಮರದ ಪೆಟ್ಟಿಗೆಯ ಮೇಲೆ. ಗಂಜಿ, ಒಣಮೀನಿನ ಚಟ್ನಿ. ಶುಕ್ರವಾರವಾದರೆ ಹಮೂರ್ ಮೀನಿನ ಸಾರು. ಮಲಯಾಳಿ ಅಂಗಡಿಯ ತೆಂಗಿನಕಾಯಿಗೆ ನಮ್ಮೂರಿನ ಕಾಯಿಯ ರುಚಿ ಇಲ್ಲವೆಂದು ಅಮ್ಮ ಪ್ರತಿ ಶುಕ್ರವಾರ ಹೇಳುತ್ತಿದ್ದಳು. ಅಪ್ಪ ಪ್ರತಿ ಶುಕ್ರವಾರ ಎರಡನೇ ಸಲ ಸಾರು ಬಡಿಸಿಕೊಳ್ಳುತ್ತಿದ್ದರು. ಮನೆಯ ಮಾತು ತುಳು. ಆ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ಕಾರು ಅಬು ನಾಸಿರ್ ಅವರ ಹಳೆಯ ಹುಚ್ಚು. ಮೇಲ್ಛಾವಣಿ ಇಲ್ಲದ, ಎರಡೇ ಸೀಟಿನ, ಮಾಲೀಕನೇ ಮನೆಯಲ್ಲಿ ಜೋಡಿಸಿಕೊಳ್ಳಬೇಕಾದ ಕಾರು. ಅವರು ಅದನ್ನು ಎಲ್ಲಿಂದಲೋ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ತರಿಸಿದ್ದರು. ಹಿಂಚಕ್ರಗಳನ್ನು ಹೊತ್ತ ಎಕ್ಸೆಲ್ಲು ಮತ್ತು ಇಂಜಿನ್ನು ಮಾತ್ರ ಒಂದು ಹಳೇ ಪಿಕಪ್ಪಿನದು. ಇಬ್ಬರು ಮೆಕ್ಯಾನಿಕ್‌ಗಳು ಬಿಚ್ಚಿ ನೋಡಿ ಕೈಬಿಟ್ಟಿದ್ದರು. ರಸ್ತೆಗೆ ಇಳಿಸುವ ಆಸೆ ಮುದುಕರಿಗೆ ಇರಲಿಲ್ಲ, ತೋಟದ ದಾರಿಗಳಲ್ಲಿ, ಖರ್ಜೂರ ಕೊಯ್ಯುವಾಗ, ಗಾಳಿ ಹೊಡೆಸಿಕೊಳ್ಳುತ್ತಾ ಒಂದು ಸುತ್ತು ಹೋಗಬೇಕು, ಅಷ್ಟೆ. ತಮ್ಮ ಗ್ಯಾರೇಜಿನಲ್ಲಿ ದುಡಿಯುತ್ತಿದ್ದ ಅಪ್ಪನಿಗೆ ಅವರು ಹೇಳಿದರಂತೆ: ತೋಟದ ಮನೆಯಲ್ಲಿ ಇರು, ಹೆಂಡತಿ ಮಗಳನ್ನು ಕರೆಸಿಕೊ, ಸಮಯ ಸಿಕ್ಕಾಗ ಇದನ್ನು ಕಟ್ಟು. ಹಾಗಾಗಿ ನಾವು ಮೂವರು ಒಂದೇ ಸೂರಿನಡಿ ಬದುಕಿದ್ದು ಆ ಕಾರಿನ ದಯೆಯಿಂದ. ನನ್ನನ್ನು ಶಾಲೆಗೆ ಒಯ್ಯುವ ಬಸ್ಸು ಬೆಳಿಗ್ಗೆ ತೋಟದ ಗೇಟಿಗೇ ಬರುತ್ತಿತ್ತು.

ಪೆಟ್ಟಿಗೆಯ ಜೊತೆ ದಪ್ಪ ಪುಸ್ತಕವೊಂದು ಬಂದಿತ್ತು, ಇಂಗ್ಲಿಷಿನಲ್ಲಿ. ಅಪ್ಪ ಓದಿದ್ದು ಏಳನೇ ಕ್ಲಾಸು, ಕನ್ನಡ ಶಾಲೆ. ಅವರ ಕೈಗೆ ಎಲ್ಲ ತಿಳಿಯುತ್ತಿತ್ತು, ಆದರೆ ಆ ಪುಸ್ತಕದ ಎದುರು ಅವರು ಟೋಪಿ ತೆಗೆದು ನಿಂತವರ ಹಾಗೆ ಆಗುತ್ತಿದ್ದರು. ಅದಕ್ಕೆ ನಾನು ಬೇಕಾಗುತ್ತಿದ್ದೆ. ಶಾಲೆಯಿಂದ ಬಂದು, ಯೂನಿಫಾರ್ಮಿನಲ್ಲೇ ಪೆಟ್ಟಿಗೆಯ ಮೇಲೆ ಕೂತು, ಒಂದೊಂದು ವಾಕ್ಯ ಓದಿ ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ಅಪ್ಪ ಅದನ್ನು ಅಂಗಳದ ಗೋಡೆಯ ಮೇಲೆ ಬಳಪದಲ್ಲಿ, ದುಂಡು ಕನ್ನಡ ಅಕ್ಷರಗಳಲ್ಲಿ, ಸಂಖ್ಯೆ ಹಾಕಿ ಬರೆಯುತ್ತಿದ್ದರು. ಕೆಲಸ ಮುಗಿದರೆ ಒರೆಸಿ ಮುಂದಿನದು. ಶಾಲೆಯಲ್ಲಿ ನಾನು ಹಿಂದಿನ ಬೆಂಚಿನವಳು, ಮಾರ್ಕು ಸುಮಾರು. ಆದರೆ ನಾನು ಓದಿ ಹೇಳಿದ ಮಾತು ಸಂಜೆಯೊಳಗೆ ಕಬ್ಬಿಣದ ಕೆಲಸವಾಗುವುದನ್ನು ಆ ಗೋಡೆಯ ಎದುರು ಕೂತು ನೋಡಿದೆ. ಓದುವುದೆಂದರೆ ಇದು ಎಂದು ನನಗೆ ಅನಿಸಿದ್ದು ಅಲ್ಲಿ.

ಹ್ಯಾಂಡ್‌ಬ್ರೇಕಿನ ಸರದಿ ಬಂದದ್ದು ನವರಾತ್ರಿಯ ವಾರ. ಕಾಲಿನ ಬ್ರೇಕಿಗೆ ಇನ್ನೂ ಎಣ್ಣೆ ತುಂಬಿಸಿರಲಿಲ್ಲ. ಮೊದಲು ಕೈಬ್ರೇಕು ಕೂರಿಸಿಬಿಡುವ ಎಂದು ಅಪ್ಪ ಲೆಕ್ಕ ಹಾಕಿದ್ದರು. ಪೆಟ್ಟಿಗೆಯ ಕೇಬಲ್ ಪಿಕಪ್ಪಿನ ಎಕ್ಸೆಲ್ಲಿಗೆ ಒಂದು ಗೇಣು ಗಿಡ್ಡವಾಯಿತು. ಅಪ್ಪ ಗ್ಯಾರೇಜುಗಳ ಬೀದಿಯಲ್ಲಿ ಅಳತೆ ಕೊಟ್ಟು ಹೊಸದು ಮಾಡಿಸಿ ತಂದರು. ಸೀಟುಗಳ ನಡುವೆ ಕೈಯಲ್ಲಿ ಎಳೆಯುವ ಹಿಡಿಕೆಯಿಂದ, ಅಂದರೆ ಸನ್ನೆಯಿಂದ, ಹೊರಟ ತಂತಿ ಹಿಂದಕ್ಕೆ ಹೋಗಿ, ಕವಲಾಗಿ, ಎರಡೂ ಹಿಂಚಕ್ರಗಳ ಡ್ರಮ್ಮಿನೊಳಗೆ ಚಕ್ರ ತಿರುಗದಂತೆ ಒತ್ತಿ ಹಿಡಿಯುವ ಬ್ರೇಕ್ ಶೂಗಳನ್ನು ಎಳೆಯಬೇಕು. ಸನ್ನೆ ಮೇಲೆತ್ತುವಾಗ ಅದರೊಳಗಿನ ಹಲ್ಲುಗಳು ಕಟ್ ಕಟ್ ಅನ್ನುತ್ತವೆ. ಐದನೇ ಹಲ್ಲಿಗೆ ಗಾಡಿ ಅಲುಗಬಾರದು. ಗೋಡೆಯ ಮೇಲೆ ಏಳು ಸಾಲು ಬಂದವು. ಸನ್ನೆ ಪೂರ್ತಿ ಕೆಳಗಿಡು. ಹಿಂಬದಿ ಎತ್ತಿ ಸ್ಟ್ಯಾಂಡಿನ ಮೇಲಿಡು. ಮೊದಲು ಡ್ರಮ್ಮಿನಲ್ಲಿ ಶೂ ಸರಿಮಾಡು. ಶೂ ಸಡಿಲ ಬಿಟ್ಟು ಕೇಬಲ್ ಬಿಗಿ ಮಾಡಿ ಕಳ್ಳಾಟ ಆಡಬೇಡ (ಈ ಕಳ್ಳಾಟ ಎಂಬ ಪದ ನನ್ನದು, ಪುಸ್ತಕದಲ್ಲಿರಲಿಲ್ಲ). ಆಮೇಲೆ ಕೇಬಲಿನ ನಟ್ಟು. ಎರಡೂ ಚಕ್ರಕ್ಕೆ ಸಮ ಎಳೆತ, ಐದು ಹಲ್ಲಿಗೆ. ಕೊನೆಯದು ಏಳನೆಯ ಸಾಲು: ಗಾಡಿ ನೆಲಕ್ಕಿಳಿಸಿ, ಭಾರ ಚಕ್ರದ ಮೇಲೆ ಬಿದ್ದ ನಂತರ, ಕೇಬಲ್ ಮತ್ತೊಮ್ಮೆ ನೋಡಿ ಬಿಗಿಮಾಡತಕ್ಕದ್ದು.

“ಅದೆಂತಕ್ಕೆ ಮತ್ತೊಮ್ಮೆ?” ಎಂದರು ಅಪ್ಪ.

ನಾನು ಪುಸ್ತಕದ ಚಿತ್ರ ತೋರಿಸಿದೆ. ಗಾಡಿ ಎತ್ತಿಟ್ಟಾಗ ಎಕ್ಸೆಲ್ಲು ಕೆಳಗೆ ಜೋತುಬಿದ್ದಿರುತ್ತದೆ, ತಂತಿ ಎಳೆದುಕೊಂಡಿರುತ್ತದೆ. ನೆಲಕ್ಕಿಳಿದಾಗ ಎಕ್ಸೆಲ್ಲು ಮೇಲೆ ಬರುತ್ತದೆ, ತಂತಿ ಸಡಿಲಾಗುತ್ತದೆ. ಅಪ್ಪ ಚಿತ್ರವನ್ನೂ ಕಾರಿನ ಹೊಟ್ಟೆಯನ್ನೂ ಎರಡೆರಡು ಸಲ ನೋಡಿ, “ಹೌದಲ್ಲಾ ಮಾರಾಯ್ತಿ!” ಎಂದು ನಕ್ಕರು. ನನಗೆ ಸಿಕ್ಕ ದೊಡ್ಡ ಬಹುಮಾನಗಳಲ್ಲಿ ಆ ನಗು ಒಂದು.

ಗುರುವಾರ ಸಂಜೆ ಆರು ಸಾಲು ಮುಗಿದವು. ಎರಡು ಸೀಟುಗಳ ನಡುವಿನ ಮುಚ್ಚಳ ತೆಗೆದರೆ ನಟ್ಟು ಸಿಗುತ್ತಿತ್ತು, ಆದರೆ ಅಪ್ಪನ ಕೈ ಅಲ್ಲಿ ಹೋಗುತ್ತಿರಲಿಲ್ಲ, ನನ್ನದು ಹೋಗುತ್ತಿತ್ತು. ಅಪ್ಪ ಸನ್ನೆ ಎಳೆಯುವುದು, ನಾನು ಹದಿಮೂರರ ಸ್ಪ್ಯಾನರಿನಲ್ಲಿ ನಟ್ಟು ತಿರುಗಿಸುವುದು.

“ಎಷ್ಟಕ್ಕೆ ಹಿಡೀತು ಅಪ್ಪ?”

“ಏಳು. ಇನ್ನೊಂದು ಸುತ್ತು.”

“ಈಗ?”

“ಐದು. ಸಾಕು, ಸಾಕು! ಚಕ್ರ ತಿರುಗ್ಸಿ ನೋಡು.”

ತಿರುಗಲಿಲ್ಲ. ನಾನು ಎರಡೂ ಕೈ, ಒಂದು ಕಾಲು ಕೊಟ್ಟರೂ ತಿರುಗಲಿಲ್ಲ. ಅಷ್ಟರಲ್ಲಿ ಗ್ಯಾರೇಜಿನಿಂದ ಫೋನು ಬಂದು ಅಪ್ಪ ಹೊರಟರು. ಏಳನೆಯ ಸಾಲು ಬೆಳಿಗ್ಗೆಗೆ ಉಳಿಯಿತು.

ಮರುದಿನ ಆಯುಧಪೂಜೆ. ಆ ವರ್ಷ ಅದು ಶುಕ್ರವಾರವೇ ಬಂದದ್ದು ಅಮ್ಮನಿಗೆ ದೇವರೇ ಕೊಟ್ಟ ರಜೆ ಅನಿಸಿತ್ತು. ಹೊರಗೆ ಕೇಳುವ ಹಾಗೆ ಪೂಜೆ ಮಾಡಲು ಈ ದೇಶದಲ್ಲಿ ಅವಕಾಶವಿರಲಿಲ್ಲ, ಹಾಗಾಗಿ ನಮ್ಮ ಪೂಜೆಗೆ ಸದ್ದಿರಲಿಲ್ಲ. ಗಂಟೆಯ ನಾಲಗೆಗೆ ಅಮ್ಮ ಬಿಳಿ ನೂಲು ಸುತ್ತಿಟ್ಟಿದ್ದಳು. ಆರತಿಯ ಹೊತ್ತಿಗೆ ಅದನ್ನು ಆಡಿಸಿದರೆ ಮೆತ್ತಗೆ ಟುಪ್ ಟುಪ್ ಅನ್ನುತ್ತಿತ್ತು. ನಾನು ಏಳುವಷ್ಟರಲ್ಲಿ ಅವಳು ಅಪ್ಪನ ಸ್ಪ್ಯಾನರು, ಸ್ಕ್ರೂಡ್ರೈವರು, ಸುತ್ತಿಗೆ, ಇಕ್ಕಳ ಎಲ್ಲವನ್ನೂ ಸೋಪಿನ ನೀರಿನಲ್ಲಿ ತಿಕ್ಕಿ, ಒರೆಸಿ, ಮಣೆಯ ಮೇಲೆ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಕುಂಕುಮ ಇಟ್ಟಾಗಿತ್ತು. ನನ್ನ ಗಣಿತದ ಪುಸ್ತಕವೂ ಸುತ್ತಿಗೆಯ ಪಕ್ಕದಲ್ಲಿ ಕುಂಕುಮ ಹಚ್ಚಿಕೊಂಡು ಕೂತಿತ್ತು. ಪೂಜೆಗಿಟ್ಟ ಆಯುಧಕ್ಕೆ ಆ ದಿನ ವಿಶ್ರಾಂತಿ. ವಿಜಯದಶಮಿಯ ಬೆಳಿಗ್ಗೆ ತೆಗೆಯುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಜಾಕಿಗೆ ಮಾತ್ರ ಅಮ್ಮ ವಿನಾಯಿತಿ ಕೊಟ್ಟಿದ್ದಳು, ಏಕೆಂದರೆ ಕಾರು ನೆಲಕ್ಕಿಳಿದು ಲಿಂಬೆಹಣ್ಣಿನ ಮೇಲೆ ಉರುಳಬೇಕಿತ್ತು. ತೋಟದ ಲಿಂಬೆ, ಅಬು ನಾಸಿರ್ ಅವರೇ ಕಿತ್ತು ಕೊಟ್ಟದ್ದು, ಉಪ್ಪಿನಕಾಯಿಗೆ ಅಂದುಕೊಂಡಿದ್ದರು.

ಅಪ್ಪ ಕಾರಿಳಿಸಿದರು. ನಾಲ್ಕು ಚಕ್ರದ ಮುಂದೆ ನಾಲ್ಕು ಲಿಂಬೆ. ಸೀಟಿನ ಬದಿಯಲ್ಲಿ ಬಗ್ಗಿ ಸನ್ನೆ ಎಳೆದರು. ನಾನು ಎಣಿಸಿದೆ. ಐದು ದಾಟಿತು, ಏಳು ದಾಟಿತು, ಒಂಬತ್ತಕ್ಕೆ ಎಲ್ಲೋ ಒಂದಿಷ್ಟು ಹಿಡಿದ ಹಾಗೆ ಆಯಿತು. ಅಪ್ಪ ಮಣೆಯ ಕಡೆ ನೋಡಿದರು.

“ಅಪ್ಪ, ಏಳನೇದು,” ಎಂದೆ.

“ಸುಮತಿ, ಹದಿಮೂರರದ್ದು ಒಂದು ತೆಗೀಲಾ? ಒಂದೇ ನಿಮಿಷ.”

“ಎಂತ ಮಾತಾಡ್ತೀರಿ ಇವ್ರೇ! ಕುಂಕುಮ ಇಟ್ಟಾಗಿದೆ. ಇಡೀ ವರ್ಷ ಅದರಿಂದಲೇ ಅನ್ನ ತಿನ್ನುವುದಲ್ವಾ, ಒಂದು ದಿನ ಮಲಗ್ಲಿ.”

ಅಪ್ಪ ಚಾಚಿದ ಕೈ ಹಿಂದೆ ತೆಗೆದರು. ಹೇಳಬೇಕೆಂದರೆ ಇಂಥದರಲ್ಲಿ ಅಮ್ಮನಿಗಿಂತ ಅವರಿಗೇ ಭಯ ಹೆಚ್ಚು. “ನಾಳೆ ನೋಡುವ ಮಗಾ. ತಳ್ಳಲಿಕ್ಕಿರುವುದು ಎರಡಡಿ ಅಲ್ವಾ,” ಎಂದರು.

ಅಂಗಳದ ಬಾಗಿಲಿನಾಚೆ ತೋಟದ ದಾರಿಗೆ ಇಳಿಯುವ ಒಂದು ಸಣ್ಣ ಇಳಿಜಾರು. ಬಾಗಿಲಲ್ಲಿ ಕಲ್ಲಿನ ಹೊಸಿಲು. ಅಮ್ಮ ಕಾರಿಗೆ ಆರತಿ ಎತ್ತಿ, ಕುಂಬಳಕಾಯಿ ಒಡೆಯಲೆಂದು ಹೊಸಿಲ ಬಳಿ ಹೋಗಿ, ತಟ್ಟೆ ಕೆಳಗಿಡಲು ಬಗ್ಗಿದ್ದಳು. ನಾನು ಸ್ಟೀರಿಂಗಿನ ಹಿಂದೆ ಕೂತಿದ್ದೆ. ಅಪ್ಪ ಹಿಂದಿನಿಂದ ತಳ್ಳಿದರು. ಲಿಂಬೆಗಳು ಪಚಕ್ಕನೆ ಒಡೆದು ವಾಸನೆ ಎದ್ದಿತು. ಅಪ್ಪ ಲೆಕ್ಕ ಹಾಕಿದ್ದಕ್ಕಿಂತ ಕಾರು ಹಗುರವಾಗಿತ್ತು. ಅದು ಎರಡಡಿಗೆ ನಿಲ್ಲಲಿಲ್ಲ.

“ಎಳಿ ಮಗಾ! ಎಳಿ!”

ಎರಡೂ ಕೈಯಲ್ಲಿ ಎಳೆದೆ. ಆ ಹೊತ್ತಿನಲ್ಲೂ ನಾನು ಎಣಿಸುತ್ತಿದ್ದೆ, ಅದು ನನಗೆ ಇವತ್ತಿಗೂ ವಿಚಿತ್ರವೆನಿಸುತ್ತದೆ. ಒಂಬತ್ತು. ಹತ್ತು. ಹನ್ನೊಂದು. ಅಲ್ಲಿಗೆ ಹಲ್ಲುಗಳೇ ಮುಗಿದವು. ಸನ್ನೆ ಎದೆಯವರೆಗೆ ಬಂದಿತ್ತು, ಕಾರು ಹೋಗುತ್ತಲೇ ಇತ್ತು. ಅಮ್ಮ ತಲೆ ಎತ್ತಿ ಪಕ್ಕಕ್ಕೆ ಹಾರಿದಳು, ಬಲಗಾಲು ಹಿಂದುಳಿಯಿತು. ಚಕ್ರಕ್ಕೂ ಹೊಸಿಲಿಗೂ ನಡುವೆ ಅದು ಸಿಕ್ಕಿಕೊಂಡಿತು. ಕಾರು ನಿಂತದ್ದು ಹಾಗೆ.

ಅಬು ನಾಸಿರ್ ತಮ್ಮ ಗಾಡಿಯಲ್ಲೇ ಆಸ್ಪತ್ರೆಗೆ ಕರೆದೊಯ್ದರು. ಪಾದದ ಮೇಲ್ಭಾಗದ ಮೂರು ಎಲುಬು ಮುರಿದಿತ್ತು. ಆರು ವಾರ ಪ್ಲಾಸ್ಟರ್ ಎಂದರು. ಮರುದಿನ, ವಿಜಯದಶಮಿಯ ಬೆಳಿಗ್ಗೆ, ನಾನು ಅಂಗಳಕ್ಕೆ ಬಂದಾಗ ಮಣೆಯ ಮೇಲೆ ಸ್ಪ್ಯಾನರುಗಳು ಕುಂಕುಮ ಸಮೇತ ಹಾಗೇ ಇದ್ದವು. ಗೋಡೆ ಮಾತ್ರ ಖಾಲಿಯಾಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದ ಗುರುತು ಇನ್ನೂ ಆರಿರಲಿಲ್ಲ.

“ಅಬು ನಾಸಿರ್ ಬರ್ತಾರೆ, ಗೋಡೆ ಎಲ್ಲ ಗಲೀಜು,” ಎಂದರು ಅಪ್ಪ, ನಾನು ಕೇಳುವ ಮೊದಲೇ.

ಆ ಮಧ್ಯಾಹ್ನ ಮಾವ ಬಂದರು. ಅಮ್ಮನ ಕಾಲು ನೋಡಿ ಹೊರಗೆ ಬಂದು, ಕುರ್ಚಿ ಎಳೆದು ಕೂತು, “ಹೇಗಾಯ್ತು?” ಎಂದು ಕೇಳಿದರು. ನಾನು ಕಾರಿನ ಪಕ್ಕದಲ್ಲಿದ್ದೆ. ಅಪ್ಪ ನನ್ನನ್ನು ನೋಡಲಿಲ್ಲ.

“ಹ್ಯಾಂಡ್‌ಬ್ರೇಕ್ ಹಾಕ್ಲಿಕ್ಕೆ ಇವಳನ್ನು ಕೂರ್ಸಿದ್ದೆ. ಮಗು ಅಲ್ವಾ ಭಾವ. ಸರಿಯಾಗಿ ಎಳೀಲಿಲ್ಲ.”

ನಾನು ಬಾಯಿ ತೆರೆದೆ. ಏಳನೆಯ ಸಾಲು ಎಂದು ಹೇಳಬೇಕೆಂದಿದ್ದೆ. ಖಾಲಿ ಗೋಡೆ ಕಂಡು ಮಾತು ಹೊರಡಲಿಲ್ಲ. ಆಮೇಲೆ ಮಾವ ಆಡಿದ ಮಾತೇ ಈ ಅಧ್ಯಾಯದ ಮೊದಲಲ್ಲಿರುವುದು. ಅದಕ್ಕೆ ಒಂದು ಬಾಲವೂ ಇತ್ತು.

“ಹೆಣ್ಣುಮಗುವನ್ನು ಗ್ರೀಸಿನಲ್ಲಿ ಬೆಳೆಸಿದ್ರೆ ಹೀಗೇ. ಸುಮತಿಯ ಪ್ಲಾಸ್ಟರ್ ತೆಗೆದ ವಾರ ನಾನು ರಜೆಯಲ್ಲಿ ಊರಿಗೆ ಹೋಗ್ತೇನೆ. ಇವಳನ್ನೂ ಕರ್ಕೊಂಡು ಹೋಗಿ ಅಜ್ಜಿ ಹತ್ರ ಬಿಡ್ತೇನೆ. ಅಲ್ಲಿ ಶಾಲೆ ಉಂಟು. ಎಸ್ಸೆಲ್ಸಿ ಮುಗಿಸ್ಲಿ, ಹೊಲಿಗೆ ಕಲೀಲಿ.”

ಅಪ್ಪ “ಆಯ್ತು” ಅನ್ನಲಿಲ್ಲ, “ಬೇಡ” ಎಂದೂ ಅನ್ನಲಿಲ್ಲ. ಲೋಟ ತೆಗೆದುಕೊಂಡು ಒಳಗೆ ಹೋದರು.

ಆ ಆರು ವಾರಗಳಷ್ಟು ಉದ್ದದ ಕಾಲವನ್ನು ನಾನು ಮತ್ತೆ ಕಂಡಿಲ್ಲ. ಅಪ್ಪ ಬೆಳಿಗ್ಗೆ ಅನ್ನ ಬೇಯಿಸಿಟ್ಟು ಹೋಗುತ್ತಿದ್ದರು. ಅಡಿ ಹಿಡಿದ ಅನ್ನ, ಬೇಳೆ, ಮತ್ತೆ ಬೇಳೆ. ಅಮ್ಮ ರುಚಿಯ ಬಗ್ಗೆ ಒಂದು ಮಾತೂ ಆಡದೆ ಉಣ್ಣುತ್ತಿದ್ದಳು, ನನಗೆ ಅದೇ ಹೆಚ್ಚು ಹೆದರಿಕೆ. ಅಪ್ಪ ಕಾರಿನ ಮೇಲೆ ಹಾಸುಬಟ್ಟೆ ಮುಚ್ಚಿದ್ದರು. ನನ್ನೊಡನೆ ಮಾತಾಡುತ್ತಿದ್ದರು, ಆದರೆ ಹಾಲು ಬಂತಾ, ಬಸ್ಸು ಬಂತಾ ಎಂಬಷ್ಟೇ. ನನಗೆ ನನ್ನ ಕೈಗಳ ಮೇಲೇ ಸಂಶಯ ಬರತೊಡಗಿತು. ನಿಜವಾಗಿ ನಾನು ಗಟ್ಟಿಯಾಗಿ ಎಳೆದಿರಲಿಲ್ಲವೇ? ಶಾಲೆಯ ಡೆಸ್ಕಿನ ಅಂಚು ಹಿಡಿದು ಎಳೆದು ನೋಡುತ್ತಿದ್ದೆ. ಹನ್ನೊಂದು ಎಣಿಸಿದ್ದು ನೆನಪಿತ್ತು. ಆದರೆ ಮನೆಯ ಹಿರಿಯರು ಒಂದು ಹೇಳುವಾಗ ನಮ್ಮ ನೆನಪು ಇನ್ನೊಂದು ಹೇಳಿದರೆ, ಹನ್ನೆರಡು ವರ್ಷದವಳು ಯಾವುದನ್ನು ನಂಬಬೇಕು?

ನಾಲ್ಕನೇ ವಾರದ ಒಂದು ಮಧ್ಯಾಹ್ನ ಅಮ್ಮ ಊರುಗೋಲಿನಲ್ಲಿ ಅಂಗಳಕ್ಕೆ ಬಂದಳು. ನಾನು ಬಟ್ಟೆ ಮಡಚುತ್ತಿದ್ದೆ.

“ಶೈಲಾ, ಆ ಪುಸ್ತಕ ತಾ.”

“ಯಾವ ಪುಸ್ತಕ?”

“ಕಾರಿನದ್ದು. ಗೋಡೆಯಲ್ಲಿ ಇದ್ದದ್ದನ್ನು ಇನ್ನೊಮ್ಮೆ ಬರಿ.”

ನಾನು ನಿಂತೇ ಇದ್ದೆ. ಅಮ್ಮ ಪೆಟ್ಟಿಗೆಯ ಮೇಲೆ ಕೂತು ಕಾಲು ಚಾಚಿದಳು.

“ನನಗೆ ಕಣ್ಣಿಲ್ವಾ ಮಾರಾಯ್ತಿ? ಅವರು ಸ್ಪ್ಯಾನರ್ ಕೇಳಿದ್ರು, ಮುಟ್ಬೇಡಿ ಅಂದದ್ದು ನಾನು. ತನ್ನ ಹೆಸರು ಹೇಳಿದ್ರೆ ನನ್ನ ಹೆಸರೂ ಎಳೆದ ಹಾಗಾಗ್ತದೆ, ಅಣ್ಣ ನನಗೂ ಬೈತಾನೆ ಅಂತ ನಿನ್ನದು ಹೇಳಿದ್ರು. ಮಗುವಿಗೆ ಯಾರು ಬೈತಾರೆ ಅಂತ ಇರ್ಬೇಕು.”

“ನೀನು ಮಾವನಿಗೆ ಹೇಳ್ಬಹುದಿತ್ತಲ್ಲಾ?”

ಅಮ್ಮ ಊರುಗೋಲನ್ನು ಪೆಟ್ಟಿಗೆಗೆ ಒರಗಿಸಿದಳು. “ಹೇಳ್ಬಹುದಿತ್ತು. ಹೇಳ್ಲಿಲ್ಲ. ಹೆಂಡತಿ ಗಂಡನನ್ನು ಅಣ್ಣನ ಮುಂದೆ ಸುಳ್ಳ ಮಾಡ್ಲಿಕ್ಕೆ ಆಗ್ತದಾ? ಅದು ಬೇರೆ. ನಿನ್ನ ಕೈಯಿಂದ ಆ ಕಾರು ನಿಲ್ಬೇಕು. ನಿಂತ್ರೆ ಊರಿಗೆ ಕಳಿಸ್ಲಿಕ್ಕೆ ಅಣ್ಣನಿಗೆ ಕಾರಣ ಇರೂದಿಲ್ಲ.”

ಏಳು ಸಾಲು ಬರೆದೆ. ಅಕ್ಷರ ಅಪ್ಪನಷ್ಟು ದುಂಡಗಿರಲಿಲ್ಲ. ಕಾರು ನೆಲದ ಮೇಲೆಯೇ ಇತ್ತು, ಚಕ್ರಗಳ ಎರಡೂ ಬದಿಗೆ ಕಲ್ಲು ಇಟ್ಟೆ. ಅಮ್ಮ ಮುರಿದ ಕಾಲನ್ನು ಹೊರಗೆ ಬಿಟ್ಟು ಡ್ರೈವರ್ ಸೀಟಿನಲ್ಲಿ ಕೂತಳು. ಜೀವಮಾನದಲ್ಲಿ ಅವಳು ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಹೊಸ ಕೇಬಲ್ ಎಳೆದೆಳೆದು ಪಳಗಬೇಕು, ಇಲ್ಲವಾದರೆ ನಾಲ್ಕು ದಿನದಲ್ಲಿ ಮತ್ತೆ ಸಡಿಲಾಗುತ್ತದೆ ಎಂದು ಪುಸ್ತಕದಲ್ಲಿತ್ತು. ಅಮ್ಮ ಸನ್ನೆಯನ್ನು ನಲವತ್ತು ಸಲ ಎಳೆದು ಬಿಟ್ಟಳು. ಬಾವಿಯ ಹಗ್ಗ ಎಳೆದು ಬೆಳೆದ ತೋಳು, ಕಡಿಮೆ ಶಕ್ತಿಯಲ್ಲ. ನಾನು ಮುಚ್ಚಳದೊಳಗೆ ಕೈ ತೂರಿ ನಟ್ಟು ತಿರುಗಿಸಿದೆ. ಕಾಲು ಸುತ್ತು, ಎಳೆತ. ಕಾಲು ಸುತ್ತು, ಎಳೆತ. ಎಡಗಡೆಯ ತಂತಿ ಮೊದಲು ಬಿಗಿಯಾಗುತ್ತಿತ್ತು. ಕವಲಿನ ಕೊಂಡಿ ಒಂದು ಬದಿಗೆ ವಾಲಿತ್ತು. ಅದನ್ನು ನೇರ ಮಾಡಲು ಎರಡು ಮಧ್ಯಾಹ್ನ ಬೇಕಾಯಿತು. ಬೆರಳ ಗೆಣ್ಣುಗಳ ಚರ್ಮ ಹೋಯಿತು. ಮೂರನೇ ದಿನ ಅಮ್ಮ ಎಣಿಸಿದಳು, ಪೂಜೆಯಲ್ಲಿ ಎಣಿಸುವ ಧ್ವನಿಯಲ್ಲಿ.

“ಒಂದು, ಎರಡು, ಮೂರು, ನಾಲ್ಕು, ಐದು. ಇನ್ನು ಬರೂದಿಲ್ಲ.”

ಕೆಳಗಿಳಿಸಿದಾಗ ಚಕ್ರ ಉಜ್ಜಬಾರದು ಎಂಬುದೂ ಪುಸ್ತಕದ ಮಾತು. ಸನ್ನೆ ಕೆಳಗಿಟ್ಟು, ಕಲ್ಲು ತೆಗೆದು, ಭುಜ ಕೊಟ್ಟು ಒಂದು ಗೇಣು ತಳ್ಳಿದೆ. ಸಲೀಸಾಗಿ ಉರುಳಿತು. “ಎಳಿ ಅಮ್ಮ!” ಎಂದೆ. ನಿಂತಿತು. ಲಾಕ್ ನಟ್ಟು ಬಿಗಿದು ಮುಚ್ಚಳ ಹಾಕಿದೆ. ಅಪ್ಪ ಮಧ್ಯಾಹ್ನದ ಊಟಕ್ಕೆ ಬಂದವರು ಬಾಗಿಲಲ್ಲೇ ನಿಂತು ಗೋಡೆಯ ಏಳು ಸಾಲುಗಳನ್ನು ಓದಿದರು. ನಿಧಾನವಾಗಿ, ತುಟಿ ಆಡಿಸುತ್ತಾ. ಆಮೇಲೆ ಸೀಟುಗಳ ನಡುವಿನ ಮುಚ್ಚಳ ತೆಗೆದು, ತಂತಿಯನ್ನು ಬೆರಳಿನಿಂದ ಮೀಟಿ ನೋಡಿ, ಮುಚ್ಚಿದರು. ಗೋಡೆ ಒರೆಸಲಿಲ್ಲ. ಊಟಕ್ಕೆ ಕೂತಾಗ ತಮ್ಮ ತಟ್ಟೆಯ ಹಪ್ಪಳವನ್ನು ನನ್ನ ತಟ್ಟೆಗೆ ಹಾಕಿದರು. ನಾನು ಅದನ್ನು ಮುಟ್ಟಲಿಲ್ಲ.

ಪ್ಲಾಸ್ಟರ್ ತೆಗೆದ ವಾರ ಮಾವ ಬಂದರು. ಅಬು ನಾಸಿರ್ ಅವರಿಗೆ ಅಮ್ಮನೇ ಹೇಳಿಕಳಿಸಿದ್ದಳು. ಅಷ್ಟರಲ್ಲಿ ಅಪ್ಪ ಕಾಲಿನ ಬ್ರೇಕಿಗೂ ಎಣ್ಣೆ ತುಂಬಿಸಿ ಮುಗಿಸಿದ್ದರು, ಆದರೆ ಆ ದಿನ ಪೆಡಲ್ ಮುಟ್ಟಬೇಡ ಎಂದು ಅಮ್ಮ ನನಗೆ ತಾಕೀತು ಮಾಡಿದ್ದಳು. ಹೊಸಿಲಿಗೆ ಹಲಗೆ ಹಾಸಿ ಕಾರನ್ನು ಇಳಿಜಾರಿನ ನಡುವಿಗೆ ತಂದರು. ಅಪ್ಪ ಮತ್ತು ತೋಟದ ಇಬ್ಬರು ಕೆಲಸದವರು ಹಿಡಿದುಕೊಂಡಿದ್ದರು. ನಾನು ಎಳೆದೆ. ಐದು.

“ಬಿಡಿ,” ಎಂದೆ.

ಬಿಟ್ಟರು. ಕಾರು ಅಲುಗಲಿಲ್ಲ. ಅಬು ನಾಸಿರ್ ತಾವೇ ಹಿಂದೆ ಹೋಗಿ, ತಮ್ಮ ಉದ್ದ ಬಿಳಿ ನಿಲುವಂಗಿಯ ತೋಳು ಮಡಚಿ ತಳ್ಳಿದರು. ಉಸಿರು ಬಿಟ್ಟು, “ಮಾ ಶಾ ಅಲ್ಲಾಹ್ ಯಾ ಬಿಂತ್!”, ಭೇಷ್ ಹುಡುಗಿ, ಎಂದು ನಕ್ಕರು. ಅಮ್ಮ ಕುಂಟುತ್ತಾ ಬಂದು ಕಾರಿನ ಎದುರು, ಸರಿಯಾಗಿ ಮುಂಚಕ್ರದ ಮುಂದೆ ನಿಂತಳು. ಯಾರೂ ಅವಳಿಗೆ ಹಾಗೆ ಮಾಡಲು ಹೇಳಿರಲಿಲ್ಲ. ಅಪ್ಪ “ಸುಮತಿ, ಬೇಡ” ಎಂದರು. ಅವಳು ಕದಲಲಿಲ್ಲ, ಅಣ್ಣನನ್ನೇ ನೋಡುತ್ತಿದ್ದಳು.

ಮಾವ ತಲೆಯಾಡಿಸಿದರು. “ಹ್ಞೂಂ. ಇವತ್ತು ಎಳೀಲಿಕ್ಕೆ ಕಲ್ತಿದ್ದಾಳೆ. ಆ ದಿನ ಹೀಗೆ ಎಳೆದಿದ್ರೆ ಕಾಲು ಉಳೀತಿತ್ತು.”

ನಾನು ಅಪ್ಪನ ಕಡೆ ನೋಡಿದೆ. ಈಗಲಾದರೂ ಹೇಳುತ್ತಾರೆಂದು ಕಾದೆ. ಅವರು ಬಗ್ಗಿ ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು. ಎದ್ದು ನಿಂತು ಇಷ್ಟೇ ಹೇಳಿದರು: “ಅವಳು ಎಲ್ಲಿಗೂ ಹೋಗೂದಿಲ್ಲ ಭಾವ. ಇಲ್ಲೇ ಓದ್ಲಿ.” ಮಾವನಿಗೆ ಅಪ್ಪ ಎದುರಾಡಿದ್ದು ನಾನು ಕಂಡಂತೆ ಅದೊಂದೇ ಸಲ. ಮಾವ, “ಓದ್ಲಿ, ಓದ್ಲಿ. ಡಿಗ್ರಿ ಆದ್ರೆ ನನಗೆ ಫೋನ್ ಮಾಡಿ,” ಎಂದು ನಕ್ಕು ಹೊರಟರು. ಅಬು ನಾಸಿರ್ ಆ ಸಂಜೆ ಆ ಕಾರಿನಲ್ಲೇ ತೋಟ ಸುತ್ತಿದರು. ಅವರು ತೀರಿಕೊಳ್ಳುವವರೆಗೆ ಆ ಕಾರು ಓಡಿತು. ನಾವು ಆ ಮನೆಯಲ್ಲಿ ಇನ್ನೂ ನಾಲ್ಕು ವರ್ಷ ಇದ್ದೆವು. ಅಮ್ಮನ ಕುಂಟು ಹೋಗಲಿಲ್ಲ.

ಅಪ್ಪನ ಮೇಲಿನ ನನ್ನ ಸಿಟ್ಟೂ ಹೋಗಲಿಲ್ಲ. ಅದನ್ನು ಮುಚ್ಚಿಡುವುದಿಲ್ಲ. ಊರಿನ ಕಡೆಯ ಕಾಲೇಜಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗಿಗೆ ಸೀಟು ಸಿಕ್ಕಿತು. ತರಗತಿಯಲ್ಲಿ ಹುಡುಗಿಯರು ನಾವು ಮೂವರು. ಎರಡು ಪೇಪರಿನಲ್ಲಿ ಫೇಲಾದೆ, ಮತ್ತೆ ಬರೆದೆ. ಮೊದಲ ವರ್ಷ ಇಂಗ್ಲಿಷ್ ಪಠ್ಯ ತಲೆಗೆ ಹತ್ತದಾಗ ಹಾಸ್ಟೆಲಿನ ಗೋಡೆಗೆ ಕಾಗದ ಅಂಟಿಸಿ, ಸಂಖ್ಯೆ ಹಾಕಿ, ಕನ್ನಡದಲ್ಲಿ ಬರೆದುಕೊಂಡೆ. ಆ ಅಭ್ಯಾಸ ಯಾರದೆಂದು ಗೊತ್ತಿದ್ದೂ ಅಪ್ಪನಿಗೆ ಫೋನಿನಲ್ಲಿ ಹೇಳಲಿಲ್ಲ. ಈಗ ಮತ್ತೆ ಇದೇ ದೇಶಕ್ಕೆ ಬಂದು ದಮ್ಮಾಮಿನಲ್ಲಿ ಕೆಲಸ. ನನ್ನ ಕಾರನ್ನು ನಾನೇ ಓಡಿಸುತ್ತೇನೆ, ನಿಲ್ಲಿಸಿದಾಗ ಹಲ್ಲು ಎಣಿಸುತ್ತೇನೆ.

ಪದವಿ ಕೊಡುವ ದಿನ ಅಪ್ಪ ಹೊಫೂಫಿನಿಂದ ರಜೆ ಹಾಕಿ ಬಂದಿದ್ದರು. ಅಮ್ಮ ಇದ್ದಳು. ಅಬ್ಕೈಕ್ ಬಿಟ್ಟು ಬಂದು ಊರಲ್ಲೇ ಇದ್ದ ಮಾವನಿಗೆ ನಾನೇ ಫೋನ್ ಮಾಡಿದ್ದೆ, ಅವರು ಹೇಳಿದ್ದನ್ನು ನೆನಪಿಟ್ಟು. ಸಭಾಂಗಣದ ಹೊರಗೆ, ಚಪ್ಪಲಿ ಬಿಡುವ ಮೆಟ್ಟಿಲ ಬಳಿ, ಗೌನು ಹಾಕಿಕೊಂಡೇ ಪ್ರಮಾಣಪತ್ರವನ್ನು ಅಪ್ಪನ ಕೈಗೆ ಕೊಟ್ಟೆ. ಅವರು ಎರಡೂ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತೆಗೆದುಕೊಂಡರು. ತಿರುಗಿಸಿ ನೋಡಿದರು. ಇಂಗ್ಲಿಷಿನಲ್ಲಿತ್ತು. ಓದಿ ಹೇಳೆಂದು ನನಗೆ ಕೊಡಬಹುದಿತ್ತು, ಮಾವನಿಗೆ ಕೊಟ್ಟರು. ಮಾವ ಕನ್ನಡಕ ಹಾಕಿ ನನ್ನ ಹೆಸರು, ಅಪ್ಪನ ಹೆಸರು, ಮೆಕ್ಯಾನಿಕಲ್ ಇಂಜಿನಿಯರಿಂಗ್ ಎಂದು ಗಟ್ಟಿಯಾಗಿ ಓದಿದರು. ಓದಿ ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದತೊಡಗಿದರು. ಅಪ್ಪ ಅವರ ತೋಳು ಹಿಡಿದು ನಿಲ್ಲಿಸಿದರು.

“ಭಾವ, ಆ ದಿನ ಇವಳು ಸರಿಯಾಗಿಯೇ ಎಳೆದಿದ್ಲು. ಕೇಬಲ್ ಸಡಿಲ ಇತ್ತು. ನನಗೆ ಗೊತ್ತಿತ್ತು, ಗೊತ್ತಿದ್ದೇ ತಳ್ಳಿದ್ದು.”